ಡ್ಯೂಟಿ ಮುಗಿಸಿ ಬಂದವರು ಮೌನವಾಗಿದ್ದರೆ

ನಿಮ್ಮ ಮನೆಯಲ್ಲಿ ನರ್ಸ್, ವೈದ್ಯರು, ವಾರ್ಡ್‌ಬಾಯ್ ಅಥವಾ ಆಂಬುಲೆನ್ಸ್ ಚಾಲಕರು ಇದ್ದಾರೆಯೇ? ಹಾಗಿದ್ದರೆ ಇದನ್ನು ನೀವು ಕಂಡಿರಬಹುದು. ರಾತ್ರಿ ಪಾಳಿ ಮುಗಿಸಿ ಬಂದವರು ಊಟ ಬೇಡವೆನ್ನುತ್ತಾರೆ, ಮಕ್ಕಳ ಮೇಲೆ ರೇಗುತ್ತಾರೆ. ಕೇಳಿದರೆ 'ಏನಿಲ್ಲ' ಎಂಬ ಉತ್ತರ. ಅಂದು ಹೆರಿಗೆಗೆ ಬಂದ ತಾಯಿಯೊಬ್ಬಳು ಅವರ ಕಣ್ಣೆದುರೇ ತೀರಿಕೊಂಡಿರಬಹುದು. ರೋಗಿಯ ಕಡೆಯವರು ಅವರ ಮೇಲೆ ಕೈ ಮಾಡಿರಬಹುದು.

ಆಸ್ಪತ್ರೆಯವರಿಗೆ ಸಾವು ನೋವು ಅಭ್ಯಾಸವಾಗಿ ಹೋಗಿರುತ್ತದೆ ಎಂಬುದು ತಪ್ಪು ಕಲ್ಪನೆ. ಇಂಥ ಘಟನೆಯ ನಂತರ ಅವರಿಗೂ ನಿದ್ರೆ ಕೆಡುತ್ತದೆ. ಅದೇ ದೃಶ್ಯ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತದೆ, ಫೋನ್ ಸದ್ದಾದರೂ ಎದೆ ಧಸಕ್ಕೆನ್ನುತ್ತದೆ. ಮೊದಲ ದಿನಗಳಲ್ಲಿ ಇದು ರೋಗವಲ್ಲ. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ.

'ಎಲ್ಲ ಹೇಳಿಬಿಡು, ಮನಸ್ಸು ಹಗುರಾಗುತ್ತದೆ' ಎಂದು ನಾವು ಒತ್ತಾಯಿಸುವುದುಂಟು. ತಜ್ಞರೂ ಒಂದು ಕಾಲಕ್ಕೆ ಹಾಗೆಯೇ ನಂಬಿದ್ದರು. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ಒಂದು ಪದ್ಧತಿಯನ್ನು ವಿವರಿಸಿದರು. ದುರ್ಘಟನೆಯಾದ ಕೆಲವೇ ದಿನಗಳಲ್ಲಿ ಸಿಬ್ಬಂದಿಯನ್ನು ಒಟ್ಟಿಗೆ ಕೂರಿಸಿ, ನಡೆದದ್ದನ್ನು ಹೇಳಿಸುವುದು ಅದರ ತಿರುಳು. ಮುಂದೆ ಆಘಾತಕ್ಕೊಳಗಾದವರ ಮೇಲೆ ಪರೀಕ್ಷಿಸಿ ನೋಡಿದಾಗ, ಒಂದೇ ಬಾರಿ ಕೂರಿಸಿ ಹೇಳಿಸುವುದರಿಂದ ಪಿಟಿಎಸ್‌ಡಿ ಎಂಬ ಆಘಾತಾನಂತರದ ಮನೋವ್ಯಾಧಿ ತಪ್ಪಲಿಲ್ಲ. ಕೆಲವರಿಗಂತೂ ಚೇತರಿಕೆ ಇನ್ನೂ ತಡವಾಯಿತು. 2005ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ, ಎಲ್ಲರಿಗೂ ಇದನ್ನು ಮಾಡುವುದು ಬೇಡವೆಂದಿತು.

ಹಾಗೆಂದು ಮಾತೇ ಆಡಬಾರದೆಂದಲ್ಲ. ಅವರಾಗಿ ಬಾಯಿ ಬಿಟ್ಟರೆ ಪೂರ್ತಿ ಕೇಳಿ. ನಡುವೆ 'ಹೀಗೆ ಮಾಡಬಹುದಿತ್ತಲ್ಲ' ಎನ್ನಬೇಡಿ. ಆ ಪ್ರಶ್ನೆಯನ್ನು ಅವರೇ ತಮಗೆ ನೂರು ಸಲ ಹಾಕಿಕೊಂಡಿರುತ್ತಾರೆ. ಬಾಯಿ ಬಿಡದಿದ್ದರೆ ಬಿಸಿ ಅನ್ನ ಸಾರು ಬಡಿಸಿ, ಮಲಗಲು ಬಿಡಿ, ಆ ದಿನ ಮನೆಯ ಲೆಕ್ಕಪತ್ರ ತೆಗೆಯಬೇಡಿ. ಜೊತೆಯಲ್ಲಿ ಪಾಳಿ ಮಾಡಿದ ಸ್ನೇಹಿತರೊಡನೆ ಅವರು ಗಂಟೆಗಟ್ಟಲೆ ಫೋನಿನಲ್ಲಿ ಮಾತಾಡಿದರೆ ಬೇಸರಿಸಬೇಡಿ. ಅಲ್ಲಿದ್ದವರಿಗೆ ವಿವರಿಸಿ ಹೇಳಬೇಕಾಗಿಲ್ಲ ನೋಡಿ!

ಆಸ್ಪತ್ರೆಯವರ ಕೈಗೆ ನಿದ್ರೆ ಮಾತ್ರೆ ಸುಲಭವಾಗಿ ಸಿಗುತ್ತದೆ. ಅದಾಗಲಿ, ಮದ್ಯವಾಗಲಿ ಇದಕ್ಕೆ ಔಷಧವಲ್ಲ. ಇನ್ನು ಆಸ್ಪತ್ರೆಯ ಮೇಲಧಿಕಾರಿಗಳು ಮರುದಿನವೇ ಅದೇ ವಾರ್ಡಿಗೆ ಹಾಕದೆ ಒಂದೆರಡು ಪಾಳಿ ಬದಲಿಸಿಕೊಟ್ಟರೆ ಖರ್ಚೇನೂ ಆಗುವುದಿಲ್ಲ. ನಮ್ಮಲ್ಲಿ ಅಷ್ಟನ್ನೂ ಮಾಡುವವರು ಕಡಿಮೆ.

ತಿಂಗಳು ಕಳೆದರೂ ಕೆಟ್ಟ ಕನಸು, ಕೆಲಸಕ್ಕೆ ಹೋಗಲು ಭಯ, ಯಾರೊಂದಿಗೂ ಬೆರೆಯದಿರುವುದು ಮುಂದುವರಿದರೆ ಮನೋವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಮಾತ್ರ ತಿಂಗಳು ಕಾಯಬೇಡಿ. ಒಂಟಿಯಾಗಿ ಬಿಡದೆ ಅಂದೇ ಕರೆದುಕೊಂಡು ಹೋಗಿ.