ಮಾರುವ ಮನೆಗೆ ಮೊದಲು ಮಾಳಿಗೆ, ಆಮೇಲೆ ಬಣ್ಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಗೆ ‘ಮನೆ ಮಾರಿ ನೋಡು’ ಎಂಬುದನ್ನೂ ಸೇರಿಸಬೇಕೆಂಬುದು ಅನೇಕ ವರ್ತಕರ ಅನುಭವ. ವ್ಯಾಪಾರಸ್ಥನು ಮನೆಯನ್ನು ಮಾರುವುದು ಸಾಮಾನ್ಯವಾಗಿ ಹಣದ ತುರ್ತಿಗಾಗಿಯೇ. ಅಂಗಡಿಯ ವಿಸ್ತರಣೆ, ಗಿರಣಿಗೆ ಹೊಸ ಯಂತ್ರ, ಸಹೋದರರ ನಡುವಿನ ಪಾಲು, ಇಲ್ಲವೇ ಸಾಲದ ತೀರುವಳಿ ಅದರ ಹಿಂದಿರುತ್ತದೆ. ಹೀಗಾಗಿ ಖಾಲಿ ಬಿದ್ದ ಮನೆಯೆಂದರೆ ತಡೆಹಿಡಿದ ಬಂಡವಾಳ. 30 ಲಕ್ಷ ರೂಪಾಯಿ ಬೆಲೆಯ ಮನೆ ಆರು ತಿಂಗಳು ಮಾರಾಟವಾಗದೆ ನಿಂತರೆ, ವರ್ಷಕ್ಕೆ ಶೇಕಡಾ 12ರ ಬಡ್ಡಿಯ ಲೆಕ್ಕದಲ್ಲಿ 1,80,000 ರೂಪಾಯಿ ಕೈಬಿಟ್ಟಂತೆ. ಮನೆಯನ್ನು ಮಾರಾಟಕ್ಕೆ ಸಿದ್ಧಪಡಿಸುವ ಖರ್ಚನ್ನು ಈ ನಷ್ಟದೊಡನೆ ತೂಗಿ ನೋಡಬೇಕು.

ಮಾರುವ ಮೊದಲು ಮನೆಯನ್ನು ಓರಣಗೊಳಿಸುವುದು ಅಮೆರಿಕದಲ್ಲಿ 1970ರ ದಶಕದಿಂದೀಚೆಗೆ ‘ಹೋಂ ಸ್ಟೇಜಿಂಗ್’ ಎಂಬ ಹೆಸರಿನ ಒಂದು ವೃತ್ತಿಯಾಗಿಯೇ ಬೆಳೆದಿದೆ. ಬಾಡಿಗೆಗೆ ತಂದ ಪೀಠೋಪಕರಣ, ಪರದೆ, ದೀಪಗಳಿಂದ ಮನೆಯನ್ನು ಸಿಂಗರಿಸುವುದು ಅಲ್ಲಿಯ ಪದ್ಧತಿ. ಲಿಂಗಸುಗೂರಿನಂಥ ಊರಿಗೆ ಆ ಸಿಂಗಾರ ಅಷ್ಟಾಗಿ ಒಗ್ಗದು. ಇಲ್ಲಿ ಮನೆ ಕೊಳ್ಳಲು ಬರುವವರು ಹಟ್ಟಿ ಚಿನ್ನದ ಗಣಿಯ ನೌಕರರು, ಶಿಕ್ಷಕರು, ಸುತ್ತಲ ಹಳ್ಳಿಗಳ ರೈತರು, ಸಿಂಧನೂರು-ಮಸ್ಕಿ ಕಡೆಯ ವರ್ತಕರು. ಅವರ ಕಣ್ಣು ಮೊದಲು ಹೋಗುವುದು ಮಾಳಿಗೆ, ನೀರು, ಕಾಗದಪತ್ರ ಈ ಮೂರರ ಮೇಲೆ.

ಸೋರುವ ಮಾಳಿಗೆ, ಹಾಳಾಗುವ ಬೆಲೆ

ಹಳೆಯ ಪೇಟೆಯ ಮನೆಗಳಲ್ಲಿ ಕಲ್ಲಿನ ಗೋಡೆ, ತೊಲೆ-ಜಂತಿಯ ಮೇಲೆ ಮಣ್ಣಿನ ಮಾಳಿಗೆ, ಶಹಾಬಾದ್ ಕಲ್ಲಿನ ನೆಲ ಇಂದಿಗೂ ಕಾಣಸಿಗುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯ ಬಿಸಿಲಿಗೆ ಇಂಥ ಮನೆ ತಂಪಾಗಿರುತ್ತದೆ. ಆದರೆ ಮಾಳಿಗೆಯ ಮೇಲೆ ಹುಲ್ಲು ಬೆಳೆದಿದ್ದರೆ, ಜಂತಿಗೆ ಗೆದ್ದಲು ಹತ್ತಿದ್ದರೆ ಗ್ರಾಹಕನು ಒಳಗೆ ಕಾಲಿಡುವ ಮೊದಲೇ ಬೆಲೆ ಇಳಿಸುತ್ತಾನೆ. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕಿಸಿ, ನೀರು ಹರಿಯುವ ದೋಣಿಯನ್ನು ಸರಿಪಡಿಸಿದರೆ ಕಡಿಮೆ ಖರ್ಚಿನಲ್ಲಿ ಈ ಆಕ್ಷೇಪ ತಪ್ಪುತ್ತದೆ. ಆರ್.ಸಿ.ಸಿ. ಮನೆಯಾದರೆ ಸ್ಲ್ಯಾಬಿನ ಬಿರುಕು ಮುಚ್ಚಿಸಿ, ಒಂದು ಮಳೆ ಕಳೆದ ಮೇಲೆಯೇ ಬಣ್ಣಕ್ಕೆ ಕೈಹಾಕುವುದು ಜಾಣತನ. ತೇವದಿಂದ ಉಪ್ಪೆದ್ದ ಗೋಡೆಗೆ ಹೊಸ ಬಣ್ಣ ಬಳಿದರೆ ಕೆಲವೇ ವಾರಗಳಲ್ಲಿ ಅದು ಉದುರುತ್ತದೆ. ಮುಚ್ಚಿಡಲು ಹೋದದ್ದು ಇನ್ನಷ್ಟು ಎದ್ದು ಕಾಣುತ್ತದೆ.

ತೀರ ಜೀರ್ಣವಾದ ಮನೆಯನ್ನು ಕೊಳ್ಳುವವನು ಕಟ್ಟಡಕ್ಕಲ್ಲ, ನಿವೇಶನಕ್ಕೆ ಬೆಲೆ ಕಟ್ಟುತ್ತಾನೆ. ಅಂಥಲ್ಲಿ ದುರಸ್ತಿಗೆ ಹಣ ಸುರಿಯುವುದು ವ್ಯರ್ಥ. ಅಳತೆ ಮಾಡಿಸಿ, ಚೆಕ್ಕುಬಂದಿ ಸ್ಪಷ್ಟಪಡಿಸಿ, ಕಸ ತೆಗೆಸಿಟ್ಟರೆ ಸಾಕು.

ಪಡಸಾಲೆ ಉಗ್ರಾಣವಲ್ಲ

ವರ್ತಕರ ಮನೆಗಳಿಗೆ ವಿಶೇಷವಾದ ದೋಷವೊಂದುಂಟು. ಮುಂದೆ ಅಂಗಡಿ, ಹಿಂದೆ ವಾಸ ಇರುವ ಕಡೆ ಪಡಸಾಲೆಯಲ್ಲಿ ತೊಗರಿ, ಶೇಂಗಾ ಚೀಲಗಳು, ಗೊಬ್ಬರ, ಕೀಟನಾಶಕಗಳ ದಾಸ್ತಾನು ತುಂಬಿರುತ್ತದೆ. ನೋಡಲು ಬಂದ ಕುಟುಂಬಕ್ಕೆ ಕೋಣೆಯ ಅಳತೆಯೇ ತಿಳಿಯದು. ಔಷಧದ ವಾಸನೆಗೆ ಹೆಣ್ಣುಮಕ್ಕಳು ಬಾಗಿಲಲ್ಲೇ ನಿಲ್ಲುತ್ತಾರೆ. ಮನೆ ಕೊಳ್ಳುವ ನಿರ್ಧಾರದಲ್ಲಿ ಅವರ ಮಾತಿಗೆ ತೂಕ ಹೆಚ್ಚೆಂಬುದನ್ನು ಮರೆಯಬಾರದು. ದಾಸ್ತಾನನ್ನು ಗೋದಾಮಿಗೆ ಸಾಗಿಸಿ, ಕಿಟಕಿ ತೆರೆದಿಟ್ಟು, ಅಡುಗೆಮನೆ, ಬಚ್ಚಲು, ಶೌಚಾಲಯಗಳನ್ನು ತೊಳೆಸಿ, ಗೋಡೆಗೆ ತಿಳಿಯಾದ ಬಣ್ಣ ಬಳಿಸಿದರೆ ಅದೇ ಮನೆ ದೊಡ್ಡದಾಗಿ ಕಾಣುತ್ತದೆ. ವಾಸದ ಭಾಗಕ್ಕೂ ಅಂಗಡಿಗೂ ವಿದ್ಯುತ್ ಮೀಟರು ಬೇರೆ ಬೇರೆ ಇರುವುದು, ಜೆಸ್ಕಾಂ ಬಾಕಿ ತೀರಿರುವುದು ಕೂಡ ಚೌಕಾಶಿಯಲ್ಲಿ ನೆರವಾಗುತ್ತವೆ.

ನೀರಿನ ಪ್ರಶ್ನೆ ಇಲ್ಲಿ ಎಂದಿಗೂ ಚಿಕ್ಕದಲ್ಲ. ಜಿಲ್ಲೆಯ ಅನೇಕ ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವುದು ಎಲ್ಲರಿಗೂ ತಿಳಿದ ಸಂಗತಿ. ಕೊಳವೆಬಾವಿ ಇರುವ ಮನೆಯಾದರೆ ನೀರಿನ ಪರೀಕ್ಷಾ ವರದಿಯನ್ನು ಮೊದಲೇ ತೆಗೆಸಿಟ್ಟುಕೊಳ್ಳುವುದು ಒಳಿತು. ವರದಿ ಪ್ರತಿಕೂಲವಾಗಿದ್ದರೆ ಅದನ್ನು ಹೇಳಿಯೇ ವ್ಯವಹಾರ ಮಾಡತಕ್ಕದ್ದು. ಚಿಕ್ಕ ಊರಿನಲ್ಲಿ ಮನೆ ಕೊಂಡವನು ನಾಳೆ ಅದೇ ವರ್ತಕನ ಅಂಗಡಿಯ ಗಿರಾಕಿಯೂ ಆಗಿರುತ್ತಾನೆ.

ಕಾಗದದ ಸಿಂಗಾರ

ವ್ಯವಹಾರಗಳು ಹೆಚ್ಚಾಗಿ ಮುರಿದುಬೀಳುವುದು ಗೋಡೆಯ ಬಳಿಯಲ್ಲಲ್ಲ, ಬ್ಯಾಂಕಿನ ವಕೀಲರ ಮೇಜಿನ ಮೇಲೆ. 2024ರ ಅಕ್ಟೋಬರ್‌ನಿಂದ ರಾಜ್ಯದ ನಗರ, ಪಟ್ಟಣಗಳಲ್ಲಿ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ತಾತನ ಹೆಸರಿನಲ್ಲೇ ಉಳಿದ ಖಾತೆ, ಕಟ್ಟದೆ ಬಿಟ್ಟ ಪುರಸಭೆಯ ತೆರಿಗೆ, ಋಣಭಾರ ಪತ್ರದಲ್ಲಿ ಹಾಗೆಯೇ ನಿಂತ ತೀರಿದ ಸಾಲ ಇವುಗಳನ್ನು ಗ್ರಾಹಕನು ಬರುವ ಮೊದಲೇ ಸರಿಪಡಿಸಬೇಕು. ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳ ಹಕ್ಕನ್ನು ಕಡೆಗಣಿಸುವಂತಿಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಮಗಳೂ ಮಗನಂತೆಯೇ ಸಮಾನ ಸಹಭಾಗಿ. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಅಕ್ಕತಂಗಿಯರೊಡನೆ ಮುಂಚಿತವಾಗಿ ಮಾತನಾಡಿ, ಅವರ ಪಾಲನ್ನು ನಿಷ್ಕರ್ಷಿಸಿ, ಸಹಿಗೆ ಒಪ್ಪಿಗೆ ಪಡೆಯುವುದು ಯಾವ ಬಣ್ಣಕ್ಕಿಂತಲೂ ಹೆಚ್ಚು ಬೆಲೆ ತರುವ ಸಿದ್ಧತೆ.

ರಾಜ್ಯದಲ್ಲಿ ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿದೆ. ಕೊಳ್ಳುವವನು ಈ ಹೊರೆಯನ್ನೂ ಲೆಕ್ಕಕ್ಕೆ ಹಿಡಿದೇ ಬೆಲೆ ಕೇಳುತ್ತಾನೆ. ಮಾರುವವನ ಪಾಲಿಗೆ ಬಂಡವಾಳ ಲಾಭದ ತೆರಿಗೆಯಿದೆ. ಹೊಸ ಕೋಣೆ, ಹೊಸ ಸ್ಲ್ಯಾಬಿನಂಥ ಶಾಶ್ವತ ಸುಧಾರಣೆಯ ಖರ್ಚನ್ನು ಲಾಭದಿಂದ ಕಳೆಯಲು ಅವಕಾಶವಿದ್ದು, ಸುಣ್ಣಬಣ್ಣದಂಥ ಸಾಮಾನ್ಯ ದುರಸ್ತಿಗೆ ಆ ಅನುಕೂಲವಿಲ್ಲ. ಆದ್ದರಿಂದ ಗೌಂಡಿಗೆ, ಸಿಮೆಂಟು ಅಂಗಡಿಗೆ ಕೊಟ್ಟ ಹಣಕ್ಕೆ ರಸೀದಿ ಇರಲಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದು ದಂಡಕ್ಕೆ ದಾರಿ.

ಸುಗ್ಗಿಯ ಹಣ, ಉಗಾದಿಯ ಮುಹೂರ್ತ

ಆಷಾಢದಲ್ಲಿ, ಸಂಕ್ರಾಂತಿಗೆ ಮುಂಚಿನ ಧನುರ್ಮಾಸದಲ್ಲಿ ಮನೆಯ ಮಾತು ಎತ್ತುವವರು ವಿರಳ. ಹತ್ತಿ, ಭತ್ತ, ತೊಗರಿಯ ಹಣ ಕೈಸೇರಿದ ಮೇಲೆ, ಸಂಕ್ರಾಂತಿಯಿಂದ ಉಗಾದಿ, ಅಕ್ಷಯ ತೃತೀಯದವರೆಗೆ ಕೊಳ್ಳುವವರ ಓಡಾಟ ಹೆಚ್ಚು. ಮಾರುವ ಯೋಚನೆಯಿರುವವರು ಮಳೆಗಾಲದಲ್ಲಿ ಸೋರುವ ಜಾಗಗಳನ್ನು ಗುರುತಿಸಿ, ದೀಪಾವಳಿಯೊಳಗೆ ದುರಸ್ತಿ ಮುಗಿಸಿ, ಪುಷ್ಯದೊಳಗೆ ಇ-ಖಾತೆ ಕೈಗೆ ತಂದುಕೊಂಡರೆ ಸುಗ್ಗಿಯ ಗಿರಾಕಿ ಬಂದಾಗ ಕಾಯಿಸುವ ಪ್ರಸಂಗ ಬಾರದು. ಖರ್ಚಿನ ಕ್ರಮವೂ ಇದೇ: ಮೊದಲು ಕಾಗದ, ನಂತರ ಮಾಳಿಗೆ ಮತ್ತು ನೀರು, ಮಿಕ್ಕಿದ ಹಣದಲ್ಲಿ ಬಣ್ಣ.