ನೀರಿಗೂ ನೆಲಕ್ಕೂ ಒಗ್ಗುವ ಮೆತ್ತನೆಯ ರೋಬೋಟ್

ಸೇಲಂ ಜಿಲ್ಲೆಯಲ್ಲಿ ಕಾವೇರಿ ನದಿಗೆ ಅಡ್ಡಲಾಗಿ ಕಟ್ಟಿದ ಮೆಟ್ಟೂರು ಅಣೆಕಟ್ಟೆ 1934ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಹಲವು ಊರುಗಳು ಮುಳುಗಿದವು. ಅಣೆಕಟ್ಟೆಯ ನೀರು ಬಹಳ ಇಳಿದಾಗ ಪಣ್ಣವಾಡಿಯ ಬಳಿ ಹಳೆಯ ದೇವಾಲಯದ ನಂದಿಯೂ ಇಗರ್ಜಿಯ ಗೋಪುರವೂ ಮೇಲೆ ಕಾಣಿಸುತ್ತವೆ. ಕಡಯಂಪಟ್ಟಿಯ ಕಡೆಯಿಂದ ಹೋಗಿ ಅವನ್ನು ನೋಡಿ ಬಂದವರು ನಿಮ್ಮ ಮನೆಯಲ್ಲಿಯೂ ಇರಬಹುದು.

ಆ ನಂದಿ ಎಲ್ಲಿ ಸವೆದಿದೆ, ಗೋಪುರ ಎಲ್ಲಿ ಬಿರುಕು ಬಿಟ್ಟಿದೆ ಎಂದು ವರ್ಷವಿಡೀ ಪರೀಕ್ಷಿಸಬೇಕು ಎಂದಿಟ್ಟುಕೊಳ್ಳೋಣ. ನೀರು ತುಂಬಿದಾಗ ಮುಳುಗಿ ನೋಡಬೇಕು. ನೀರು ಇಳಿದಾಗ ಹೂಳಿನ ಮೇಲೆ ನಡೆಯಬೇಕು. ಹರಿಗೋಲು ಕೆಸರಿನಲ್ಲಿ ಸಾಗದು. ಗಾಡಿಯ ಚಕ್ರ ಕೆಸರಿನಲ್ಲಿ ಹೂತುಹೋಗುವುದು. ಯಂತ್ರದ ಕಬ್ಬಿಣದ ಕೈ ತಗುಲಿದರೆ ಹಳೆಯ ಗಾರೆ ಉದುರಿಬೀಳುವುದು. ಆದರೆ ಕಪ್ಪೆಗೂ ಆಮೆಗೂ ಇಂತಹ ಜಾಗದಲ್ಲಿ ಯಾವ ತೊಂದರೆಯೂ ಇಲ್ಲ!

ರೋಬೋಟ್ ಎಂದೊಡನೆ ನಮಗೆ ಕಬ್ಬಿಣದ ಮೈ ನೆನಪಾಗುತ್ತದೆ. ಕಾರ್ಖಾನೆಗೆ ಅದೇ ಸರಿ. ನೀರು, ನೆಲ ಎರಡರಲ್ಲಿಯೂ ಓಡಾಡಲು ಮೆತ್ತನೆಯ ಮೈ ಬೇಕೆಂದು ವಿಜ್ಞಾನಿಗಳು ಯೋಚಿಸಿದರು. ಅದನ್ನು ಯಾವುದರಿಂದ ಮಾಡುವುದು?

ಮೊದಲು ನಮ್ಮ ಸೀಮೆಯ ಪದಾರ್ಥವೊಂದನ್ನು ನೋಡೋಣ. ಸೇಲಂ ಸುತ್ತ ಮರಗೆಣಸಿನಿಂದ ಜವ್ವರಿಸಿ ಮಾಡುತ್ತಾರೆ. ಜವ್ವರಿಸಿಯನ್ನು ಬೇಯಿಸಿದರೆ ಅದು ನೀರು ಕುಡಿದು ಊದಿಕೊಂಡು, ಮೆತ್ತಗೆ, ಗಾಜಿನಂತೆ ತಿಳಿಯಾಗುತ್ತದೆ. ಅದನ್ನೇ ಅಮ್ಮ ಸಂಡಿಗೆ ಇಟ್ಟು ಬಿಸಿಲಿಗೆ ಒಣಗಿಸಿದರೆ ಕಟಕಟನೆ ಮುರಿಯುತ್ತದೆ. ಪದಾರ್ಥ ಬೇರೆಯಾಗಲಿಲ್ಲ, ಒಳಗಿದ್ದ ನೀರು ಹೋಯಿತು, ಅಷ್ಟೇ.

ಹೀಗೆ ನೀರನ್ನು ಹಿಡಿದಿಟ್ಟುಕೊಂಡು ಮೆತ್ತಗಿರುವ ವಸ್ತುವಿಗೆ ಹೈಡ್ರೋಜೆಲ್ ಎಂದು ಹೆಸರು. 2017ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವಿಜ್ಞಾನಿಗಳು ಹರಿಯದಂತಹ ಹೈಡ್ರೋಜೆಲ್‌ನಿಂದ ಒಂದು ಕೈಯನ್ನು ಮಾಡಿದರು. ಒಳಗೆ ನೀರನ್ನು ಒತ್ತಿದರೆ ಬೆರಳುಗಳು ಮಡಚಿಕೊಳ್ಳುತ್ತಿದ್ದವು. ನೀರಿನಲ್ಲಿ ಆ ಕೈ ಕಣ್ಣಿಗೆ ಕಾಣುವುದೇ ಕಷ್ಟ. ಅದು ಈಜುತ್ತಿದ್ದ ಮೀನೊಂದನ್ನು ಗಾಯ ಮಾಡದೆ ಹಿಡಿದು, ಮತ್ತೆ ಬಿಟ್ಟಿತು. ಇಷ್ಟು ಚೆನ್ನಾದ ವಸ್ತುವನ್ನು ಹೊದಿಕೆಯಿಲ್ಲದೆ ಬಿಸಿಲಿನಲ್ಲಿ ಇಟ್ಟರೆ ಸಂಡಿಗೆಯ ಪಾಡೇ ಅದಕ್ಕೂ ಬರುತ್ತದೆ.

ಎರಡು ಕಡೆಗೂ ಒಗ್ಗುವುದು ಸಿಲಿಕೋನ್ ಎಂಬ ರಬ್ಬರು. ಮಗುವಿನ ಹಾಲಿನ ಬಾಟಲಿಯ ತೊಟ್ಟನ್ನು ಇದರಿಂದಲೂ ಮಾಡುತ್ತಾರೆ. ಇದು ನೀರನ್ನು ಹೀರುವುದಿಲ್ಲ, ಬಿಸಿಲಿಗೆ ಒಣಗುವುದಿಲ್ಲ. ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುತ್ತದೆ. ಎರಡು ದ್ರವಗಳನ್ನು ಕಲಸಿ ಅಚ್ಚಿಗೆ ಹೊಯ್ದರೆ ಅದು ಕೆಲವು ಗಂಟೆಗಳಲ್ಲಿ ರಬ್ಬರಾಗುತ್ತದೆ. ಒಳಗೆ ಗಾಳಿಗಾಗಿ ಪೊಳ್ಳು ಕೋಣೆಗಳನ್ನು ಬಿಟ್ಟು, ಒಂದು ಬದಿಗೆ ಹಿಗ್ಗದ ಬಟ್ಟೆಯನ್ನೋ ಕಾಗದವನ್ನೋ ಸೇರಿಸುತ್ತಾರೆ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೀವೇ ಮಾಡಿ ನೋಡಬಹುದು. ಉದ್ದನೆಯ ಬಲೂನನ್ನು ಸ್ವಲ್ಪ ಊದಿರಿ. ಅದರ ಒಂದು ಬದಿಗೆ ಉದ್ದಕ್ಕೆ ಅಂಟುಪಟ್ಟಿ ಹಚ್ಚಿ, ಮತ್ತೆ ಊದಿರಿ. ಪಟ್ಟಿ ಇರುವ ಬದಿ ಹಿಗ್ಗಲಾರದು. ಆದ್ದರಿಂದ ಬಲೂನು ಆ ಕಡೆಗೆ ಬಾಗುತ್ತದೆ. ಮೆತ್ತನೆಯ ರೋಬೋಟಿನ ಬೆರಳು ಬಾಗುವುದೂ ಹೀಗೆಯೇ. ಕೀಲೂ ಇಲ್ಲ, ತಿರುಪೂ ಇಲ್ಲ.

ಮೆತ್ತಗಿರುವುದರಿಂದ ಇನ್ನೊಂದು ಲಾಭವುಂಟು. ಆಳಕ್ಕೆ ಹೋದಷ್ಟೂ ನೀರು ಎಲ್ಲ ಕಡೆಯಿಂದಲೂ ಒತ್ತುತ್ತದೆ. ಪೆಸಿಫಿಕ್ ಸಾಗರದ ಮರಿಯಾನಾ ಕಂದಕದಲ್ಲಿ, 10,900 ಮೀಟರ್ ಆಳದಲ್ಲಿ, ಒಂದು ಉಗುರಿನಷ್ಟು ಜಾಗದ ಮೇಲೆ ಸುಮಾರು ಒಂದು ಟನ್ ಭಾರ ಬೀಳುತ್ತದೆ. ತೆಳುವಾದ ಕಬ್ಬಿಣದ ಪೊಳ್ಳು ಪೆಟ್ಟಿಗೆ ಅಲ್ಲಿ ಜಜ್ಜಿಹೋಗುತ್ತದೆ. ಚೀನಾದ ವಿಜ್ಞಾನಿಗಳು ಅಲ್ಲಿಗೆ ಒಂದು ಗೇಣಿನಷ್ಟೇ ಉದ್ದದ, ಮೀನಿನಂತಹ ಸಿಲಿಕೋನ್ ರೋಬೋಟನ್ನು ಇಳಿಸಿದರು. ವಿದ್ಯುತ್ ಭಾಗಗಳನ್ನು ಒಂದೇ ಕಡೆ ತುರುಕದೆ ದೂರ ದೂರವಾಗಿ ಸಿಲಿಕೋನಿನಲ್ಲಿ ಹುದುಗಿಸಿದ್ದರು. ಅಷ್ಟು ಆಳದಲ್ಲಿಯೂ ಅದು ರೆಕ್ಕೆ ಬಡಿಯಿತು ಎಂದು 2021ರಲ್ಲಿ ಅವರು ಪ್ರಕಟಿಸಿದರು.

ಹಾಗಾದರೆ ಮೆತ್ತಗಿದ್ದರೆ ಸಾಕೇ? ಸಾಲದು. ಬಾವಿಯಿಂದ ನೀರು ಸೇದುವಾಗ ಗಮನಿಸಿರಿ. ಕೊಡವು ನೀರಿನೊಳಗೆ ಇರುವ ತನಕ ಹಗುರ, ಮೇಲೆ ಬಂದೊಡನೆ ಭಾರ. ನೀರಿನಲ್ಲಿ ರೋಬೋಟಿನ ಭಾರವನ್ನು ನೀರೇ ಹೊರುತ್ತದೆ. ನೆಲದಲ್ಲಿ ಕಾಲು ಹೊರಬೇಕು. ಬರೀ ಮೆತ್ತನೆಯ ಕಾಲು ಕುಸಿದುಬೀಳುತ್ತದೆ. ನನಗೆ ತಿಳಿದಂತೆ ಎಲ್ಲಕ್ಕಿಂತ ಕಠಿಣವಾದ ತೊಡಕು ಇದೇ.

ನೆಲದ ಆಮೆಗೆ ಕಂಬದಂತಹ ಕಾಲು. ಕಡಲಾಮೆಗೆ ದೋಣಿಯ ಹುಟ್ಟಿನಂತಹ ಚಪ್ಪಟೆ ಕಾಲು. ಒಂದೇ ಕಾಲು ಎರಡೂ ಆಗಬಲ್ಲುದೇ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೆಬೆಕಾ ಕ್ರೇಮರ್ ಬೊಟ್ಟಿಗ್ಲಿಯೊ ಮತ್ತು ಅವರ ಜೊತೆಗಾರರು 2022ರಲ್ಲಿ ಇಂತಹ ಆಮೆ ರೋಬೋಟನ್ನು ಲೋಕಕ್ಕೆ ತೋರಿಸಿದರು. ಅದರ ಕಾಲಿನಲ್ಲಿ ಒಂದು ಬಗೆಯ ಪ್ಲಾಸ್ಟಿಕ್ ಇದೆ. ಅರಗನ್ನು ಕಾಯಿಸಿದರೆ ಮಣಿಯುವಂತೆ ಅದೂ ಬಿಸಿಗೆ ಮಣಿಯುತ್ತದೆ, ಆರಿದರೆ ಬಿರುಸಾಗುತ್ತದೆ. ಅದು ಬಿಸಿಯಾಗಿದ್ದಾಗ ಒಳಗಿನ ರಬ್ಬರಿಗೆ ಗಾಳಿ ತುಂಬಿದರೆ ಚಪ್ಪಟೆ ಕಾಲು ಉಬ್ಬಿ ದುಂಡಗಾಗುತ್ತದೆ. ಆರಿದ ಮೇಲೆ ಅದೇ ಆಕಾರದಲ್ಲಿ ನಿಂತು ಭಾರ ಹೊರುತ್ತದೆ. ಈಜಬೇಕಾದಾಗ ಮತ್ತೆ ಕಾಯಿಸಿ ಗಾಳಿ ತೆಗೆದರಾಯಿತು. ಈ ಆಮೆಯ ಚಿಪ್ಪು, ಮೋಟಾರುಗಳು ಮಾತ್ರ ಗಟ್ಟಿಯಾದವೇ. ಪೂರ್ತಿ ಮೆತ್ತನೆಯ ರೋಬೋಟ್ ಇದಲ್ಲ.

ತೊಡಕುಗಳು ಇನ್ನೂ ಉಳಿದಿವೆ. ಬಿಸಿ ಗಂಜಿಯ ಪಾತ್ರೆಯನ್ನು ತಣ್ಣೀರಿನಲ್ಲಿ ಇಟ್ಟರೆ ಬೇಗ ಆರುತ್ತದಲ್ಲವೇ? ಹಾಗೆಯೇ ನೀರಿನೊಳಗೆ ಕಾಲನ್ನು ಕಾಯಿಸಲು ಹೊರಟರೆ ಬಿಸಿಯನ್ನು ನೀರು ಕದಿಯುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಮುಳ್ಳಿನ ಭಯವೂ ಉಂಟು. ಗಾಳಿ ತುಂಬಿದ ರಬ್ಬರಿಗೆ ಒಂದು ಜಾಲಿ ಮುಳ್ಳು ಚುಚ್ಚಿದರೂ ಸಾಕು, ಸೈಕಲ್ಲಿನ ಟ್ಯೂಬಿನ ಗತಿಯೇ! ಇದಕ್ಕಾಗಿ ಬೆಲ್ಜಿಯಂ ದೇಶದ ವಿಜ್ಞಾನಿಗಳು 2017ರಲ್ಲಿ ಇನ್ನೊಂದು ಬಗೆಯ ರಬ್ಬರಿನಿಂದ ರೋಬೋಟಿನ ಕೈಯನ್ನು ಮಾಡಿದರು. ಅದನ್ನು ಕೊಯ್ದು, ಕಾಯಿಸಿ, ಮೆಲ್ಲಗೆ ಆರಿಸಿದಾಗ ಗಾಯ ತಾನಾಗಿಯೇ ಕೂಡಿಕೊಂಡಿತು.