ನಿಮಗಿದು ಗೊತ್ತೆ? ಕಾಡಲ್ಲಿ ಆಡಿದ ಮಕ್ಕಳ ಕಾಳಜಿಯೇ ಬೇರೆ!

ಚಿಕ್ಕಂದಿನಲ್ಲಿ ಕಾಡುಮೇಡು ಅಲೆದವರಿಗೆ ದೊಡ್ಡವರಾದ ಮೇಲೆ ಪರಿಸರ ಕಾಳಜಿ ಹೆಚ್ಚು! ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ನ್ಯಾನ್ಸಿ ವೆಲ್ಸ್ ಮತ್ತು ಕ್ರಿಸ್ಟಿ ಲೆಕೀಸ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಇದನ್ನೇ. ಅಲ್ಲಿನ ನಗರಗಳ 18ರಿಂದ 90 ವರ್ಷದೊಳಗಿನ ಸುಮಾರು 2,000 ಮಂದಿಯ ಬಾಲ್ಯದ ನೆನಪುಗಳನ್ನು ಅವರು ಕೆದಕಿದ್ದರು. 11 ವರ್ಷ ತುಂಬುವ ಮೊದಲೇ ಕಾಡಿನಲ್ಲಿ ಆಡಿದವರು, ಚಾರಣ ಮಾಡಿದವರು, ಮೀನು ಹಿಡಿದವರು ಪರಿಸರ ಕಾಳಜಿಯಲ್ಲಿ ಮುಂದಿದ್ದರು. ಹೂ ಕೀಳುವುದು, ಗಿಡ ನೆಡುವುದೂ ಪ್ರಭಾವ ಬೀರಿತ್ತು, ಆದರೆ ಅಷ್ಟು ಗಾಢವಾಗಿ ಅಲ್ಲ. ಅಚ್ಚರಿಯೆಂದರೆ, ಸ್ಕೌಟ್ಸ್‌ನಂಥ ಪರಿಸರ ಶಿಕ್ಷಣ ಕಾರ್ಯಕ್ರಮಗಳಿಂದ ಹೇಳಿಕೊಳ್ಳುವಂಥ ಪರಿಣಾಮವೇ ಕಾಣಲಿಲ್ಲ. ರಜೆಯಲ್ಲೂ ಮಕ್ಕಳನ್ನು ತರಗತಿಗಳಿಗೇ ಅಟ್ಟುವ ನಾವು ಯೋಚಿಸಬೇಕಾದ ಮಾತಿದು.

ಹತ್ತಿರದಲ್ಲಿ ಕಾಡಿಲ್ಲವೇ? ಬೀದಿಬದಿಯ ಹೊಂಗೆ ಮರವಾದರೂ ಇದ್ದೀತು. ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ‘ಸೀಸನ್‌ವಾಚ್’ ಯೋಜನೆಯಲ್ಲಿ ಶಾಲಾಮಕ್ಕಳು ತಮ್ಮದೇ ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಗಮನಿಸುತ್ತಾರೆ. ಎಳೆ ಚಿಗುರು ಬಂತೆ, ಮೊಗ್ಗು ಬಿರಿಯಿತೆ, ಕಾಯಿ ಹಣ್ಣಾಯಿತೆ ಎಂದು ಬರೆದಿಡುತ್ತಾರೆ. ಹವಾಮಾನ ಬದಲಾದಂತೆ ಮರಗಳ ಋತುಚಕ್ರ ಏನಾಗುತ್ತಿದೆ ಎಂದು ತಿಳಿಯಲು ವಿಜ್ಞಾನಿಗಳಿಗೆ ಈ ಪುಟಾಣಿಗಳ ದಾಖಲೆ ಬೇಕು.